ದೆವ್ವದ ಹೇಳಿಕೆ

ಜೂನ್ 9, ಸೋಮವಾರ. ಬೆಳಿಗ್ಗೆ.

ಮುತ್ತಿನ ಸೀನು ಮತ್ತೆ ಹೊಡೆದು ಹಾಕಿದೆ. ತುಟಿಯ ಬಗ್ಗೆ ಬರೆಯುವುದೇ ಒಂದು ಕರ್ಮ.

ಇಂದ್ರಸೇನ ಕೊಳದಿಂದ ಎದ್ದು ಬರಬೇಕು. ಮುನ್ನೂರು ವರ್ಷದ ಹಿಂದೆ ಮುಳುಗಿ ಸತ್ತ ರಾಜಕುಮಾರ. ಕಣ್ಣಲ್ಲಿ ವಿರಹ, ಮೈಯೆಲ್ಲ ನೀರು. ನಾನು ಬರೆದದ್ದು — 'ಎಣ್ಣೆಗೆಂಪು ಬಣ್ಣ, ಕೋಲುಮುಖ, ದೃಢಕಾಯ, ಎತ್ತರ ಸುಮಾರು ಆರಡಿ, ಎಡ ಹುಬ್ಬಿನ ಮೇಲೆ ಹಳೇ ಗಾಯದ ಗುರುತು.' ನನ್ನ ಕಥೆ ಕಂತು ಕಂತಾಗಿ ಹಾಕುವ ಆಪ್‌ನ ಎಡಿಟರ್ ವಿನಯ್ ಕುಮಾರ್ ಓದಿ ಫೋನ್ ಮಾಡಿದ. "ಮೇಡಂ, ಹೀರೋ ಕಾಣೆಯಾಗಿದಾನಾ? ಪತ್ತೆಯಾದರೆ ಯಾವ ಸ್ಟೇಷನ್ನಿಗೆ ತಿಳಿಸಬೇಕು?" ಅಂತ ಕಿಸಕಿಸ ನಕ್ಕ. ಕತ್ತೆ.

ಹೊನ್ನಾಳಿ, ನ್ಯಾಮತಿ ಅಂತ ಎಸ್ಸೈ ಆಗಿ ಸುತ್ತಿ, ಸಾಕಾಗಿ ವಿಆರ್‌ಎಸ್ ತಗೊಂಡು ಚನ್ನಗಿರಿಯಲ್ಲಿ ಕೂತವಳ ಕೈ ಇದು. ಎಲ್ಲಿ ಹೋಗುತ್ತೆ ಅಭ್ಯಾಸ. ದೆವ್ವದ ಪ್ರೇಮಕಥೆ ಯಾಕೆ ಬರೀತೀರಿ ಅಂತ ಎಲ್ಲರೂ ಕೇಳುತ್ತಾರೆ. ಅಷ್ಟು ವರ್ಷ ಬದುಕಿರುವ ಗಂಡಸರ ಕೇಸು ನೋಡಿದ ಮೇಲೆ ಸತ್ತವನೇ ವಾಸಿ ಅನ್ನಿಸಿತು, ಅಷ್ಟೆ. ಕಾವ್ಯನಾಮ ನಿಶಾಗಂಧಿ. ಪ್ರೇಮಲತಾ ಅನ್ನುವ ಸ್ವಂತ ಹೆಸರಿಗೇ ಸ್ಟೇಷನ್ನಿನಲ್ಲಿ ಮುಸಿಮುಸಿ ನಗುತ್ತಿದ್ದರು, ಇನ್ನು ಇದು ಬೇರೆ. ಹೋದ ರಾಜ್ಯೋತ್ಸವಕ್ಕೆ ಶಾಲು ಹೊದಿಸಿ ಗುಟ್ಟು ರಟ್ಟು ಮಾಡಿದರು. ಈಗ ಇಡೀ ಪೇಟೆಗೆ ನಾನು 'ದೆವ್ವದ ಮೇಡಂ'.

ಜೂನ್ 17, ಮಂಗಳವಾರ

ನ್ಯಾಮತಿಯ ಮುರುಗೇಶಪ್ಪನ ಫೋನು. ಅಡಿಕೆ ವ್ಯಾಪಾರಿ. ನಾನು ಅಲ್ಲಿದ್ದಾಗ ವಾರಕ್ಕೊಂದು ಸಲವಾದರೂ ಸ್ಟೇಷನ್ನಿಗೆ ಬಂದು ಕುರ್ಚಿ ಎಳೆದುಕೊಂಡು, "ಕಾಂಪ್ರಮೈಸ್ ಮಾಡ್ಕಳಾಣ ಬಿಡ್ರಿ ಮೇಡಂ" ಅನ್ನುತ್ತಿದ್ದ ಮನುಷ್ಯ. ಆ ದನಿ ಕೇಳಿದರೇ ಮೈ ಉರಿಯುತ್ತೆ.

ಅವನ ತಂಗಿ ಸರ್ವಮಂಗಳಮ್ಮ ಇರುವುದು ಸಾಸ್ವೆಹಳ್ಳಿಯಲ್ಲಿ. ಆಕೆಯ ಮಗಳು ಚೈತ್ರಶ್ರೀಯನ್ನು ಜಗಳೂರಿಗೆ ಕೊಟ್ಟಿದೆ. ಮುಂದೆ ನಿಂತು ಮದುವೆ ಮಾಡಿಸಿದವನು ಇವನೇ. ಅಳಿಯ ಸತೀಶ್ ಕುಮಾರ್, ಮೊಬೈಲ್ ಅಂಗಡಿ. ಹುಡುಗಿ ಕೈ ಮುರಿದುಕೊಂಡು ತವರಿಗೆ ಬಂದಿದ್ದಾಳೆ.

"ಹೊಡ್ದಿದ್ದು ಹುಡುಗ ಅಲ್ಲ ಮೇಡಂ. ಅವನಿಗೆ ಗಾಳಿ ಸೋಕೈತೆ. ಮೈಮ್ಯಾಲೆ ಬಂದಾಗ ಏನ್ ಮಾಡ್ತೀನಿ ಅಂತ ಅವನಿಗೇ ಗೊತ್ತಾಗಲ್ಲ. ಅಮಾಸಿ ದಿನ ನಮ್ಮನೇಲಿ ಕುಂದ್ರಿಸಿ ಕೇಳಿಸ್ತೀವಿ. ನೀವು ಬರಬೇಕ್ರಿ. ನಿಮಗೆ ಪೊಲೀಸಿಂದೂ ಗೊತ್ತೈತೆ, ದೆವ್ವದ್ದೂ ಗೊತ್ತೈತೆ. ಇಂಥೋರು ಎಲ್ಲಿ ಸಿಗ್ತಾರೆ?"

"ಮುರುಗೇಶಪ್ಪನವರೇ, ನಾನು ಬರೆಯೋದು ಕಥೆ. ಮೊದಲು ಹುಡುಗೀನ ಆಸ್ಪತ್ರೆಗೆ ಕರ್ಕೊಂಡು ಹೋಗಿ" ಅಂದು ಫೋನ್ ಇಟ್ಟೆ.

ಸಂಜೆ.

ಬಿಡುವ ಆಸಾಮಿ ಅಲ್ಲ. ವಾಟ್ಸಾಪಿಗೆ ಒಂದು ವಿಡಿಯೊ ಕಳಿಸಿದ್ದಾನೆ. ಸತೀಶ್ ಕುಮಾರ್ ಬರಿಮೈಯಲ್ಲಿ ಕೂತು ಕಣ್ಣು ತಿರುಗಿಸುತ್ತಿದ್ದಾನೆ. ದನಿ ದಪ್ಪ ಮಾಡಿಕೊಂಡು ಹೇಳುತ್ತಾನೆ — "ನಿನ್ನ ಉಸಿರೂ ನನ್ನದು. ನನ್ನ ಕೋಪವೂ ನನ್ನ ಪ್ರೀತಿಯೇ."

ಅದು ನನ್ನ ವಾಕ್ಯ. ಹತ್ತೊಂಬತ್ತನೇ ಕಂತು. ಇಂದ್ರಸೇನ ನಾಯಕಿಯ ಕೆನ್ನೆಗೆ ಹೊಡೆದು, ಆಮೇಲೆ ಅವಳ ಕಾಲ ಬಳಿ ಕೂತು ಅಳುತ್ತಾ ಹೇಳುವ ಮಾತು. ಹೆಣ್ಣುಮಕ್ಕಳು ಅದನ್ನು ಸ್ಟೇಟಸ್ ಹಾಕಿಕೊಂಡು ಮೆರೆಸಿದ್ದರು, ನಾನೂ ಹಿಗ್ಗಿದ್ದೆ. ಥೂ.

ಫೋನ್ ಮಾಡಿ ಬರುತ್ತೇನೆ ಅಂದೆ. "ನಂಗೊತ್ತಿತ್ತು ಮೇಡಂ" ಅಂದ, ಹಲ್ಕಾ.

ಜೂನ್ 25, ಬುಧವಾರ, ಅಮಾವಾಸ್ಯೆ. ಹೊನ್ನಾಳಿ. ಸಂಜೆ 5.

ಆಸ್ಪತ್ರೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಚೈತ್ರಶ್ರೀ ಎಕ್ಸ್‌ರೇಗೆ ಒಳಗೆ ಹೋಗಿದ್ದಾಳೆ. ಬರೆಯದಿದ್ದರೆ ಯಾರಿಗಾದರೂ ಹೊಡೆದುಬಿಡುತ್ತೇನೆ.

ಮಧ್ಯಾಹ್ನ ನ್ಯಾಮತಿ. ಮುರುಗೇಶಪ್ಪನ ನಡುಮನೆ. ನಿಂಬೆಹಣ್ಣು, ಕುಂಕುಮ, ಬೇವಿನ ಸೊಪ್ಪು. ಮಧ್ಯೆ ಮಣೆಯ ಮೇಲೆ ಅಳಿಯ. ಪಕ್ಕದಲ್ಲಿ ಅವನ ತಾಯಿ ಗಾದ್ರಮ್ಮ. ಈ ಮೂಲೆಯಲ್ಲಿ ಹುಡುಗಿ, ತಾಯಿಯ ಸೆರಗಿಗೆ ಅಂಟಿಕೊಂಡು. ಬಲಗೈಗೆ ನಾಟಿ ಕಟ್ಟು. ಮೊಟ್ಟೆ, ಬಿದಿರಿನ ದಬ್ಬೆ, ಬಟ್ಟೆ. ಕೈ ಬೆರಳು ಊದಿ ನೀಲಿಯಾಗಿವೆ. ಅದನ್ನು ಅಲ್ಲಿ ಒಬ್ಬರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಅಳಿಯನ ಮೇಲೆ. ಪಾಪ, ಹುಡುಗ ಸೊರಗಿದಾನೆ ಅಂತ ಯಾರೋ ಹೆಂಗಸು ಕಣ್ಣೊರೆಸಿಕೊಂಡಳು.

ನಮ್ಮ ಕಡೆ ಪದ್ಧತಿ ಗೊತ್ತಿದ್ದದ್ದೇ. ಗಾಳಿಯನ್ನು ಮಾತಾಡಿಸಬೇಕು. ಯಾರು, ಎಲ್ಲಿಂದ ಬಂದೆ, ಏನು ಬೇಕು. ಕೋಳಿ ಅಂದರೆ ಕೋಳಿ, ಸೀರೆ ಅಂದರೆ ಸೀರೆ. ಒಪ್ಪಿ, ಕೊಟ್ಟು, ಊರಾಚೆ ಕಳಿಸಬೇಕು. ಮುರುಗೇಶಪ್ಪ ಶುರು ಮಾಡಿದ.

"ಯಾರಪ್ಪ ನೀನು?"

"ನಾನು ಇಂದ್ರಸೇನ! ಮುನ್ನೂರು ವರ್ಷ ಕಾದಿದ್ದೇನೆ!"

"ಏನ್ ಬೇಕು ಹೇಳು, ಕೊಡ್ತೀವಿ."

ಅಲ್ಲಿಯವರೆಗೆ ನನ್ನ ಕನ್ನಡ. ಅಲ್ಲಿಂದ ಜಗಳೂರಿನ ಕನ್ನಡ. "ಅವಳು ಬಟ್ಟೆ ಅಂಗಡಿ ಕೆಲ್ಸ ಬಿಡಬೇಕು. ತವರಿಗೆ ಹೋಗಾಕೆ ಕೇಳಬಾರದು. ಅವಳ ಮೊಬೈಲ್ ನನ್ನ ಕೈಯಾಗೇ ಇರಬೇಕು."

ಕೋಳಿ ಬೇಡವಂತೆ ದೆವ್ವಕ್ಕೆ!

ಅಸಹ್ಯ ಅದಲ್ಲ. ಕೂತಿದ್ದ ಹಿರಿಯರು ತಲೆಯಾಡಿಸಿದರು. "ಆತಪ್ಪ, ಆತು. ಕೊಟ್ಟೀವಿ, ಬಿಟ್ಟು ಹೋಗು." ಒಬ್ಬರಿಗೂ ಅನುಮಾನ ಇಲ್ಲ. ಅಥವಾ ಇದ್ದರೂ ಬೇಕಾಗಿಲ್ಲ. ದೆವ್ವ ಕೇಳಿದ್ದು, ಕೊಡಲೇಬೇಕು. ಸರ್ವಮಂಗಳಮ್ಮ ಮಾತ್ರ ಮಗಳ ಊದಿದ ಬೆರಳು ಹಿಡಿದುಕೊಂಡು ಸುಮ್ಮನೆ ಕೂತಿದ್ದರು.

ನಾನು ಎದ್ದು ಅವನೆದುರು ಚಕ್ಕಳಮಕ್ಕಳ ಹಾಕಿ ಕೂತೆ. "ಹೆಸರು ಹೇಳಿದೆ. ತಂದೆ ಹೆಸರು?"

ದೆವ್ವ ಕಣ್ಣು ಬಿಟ್ಟಿತು. "ವೀರಸೇನ ಮಹಾರಾಜ."

ಸರಿ ಇತ್ತು. ಎಂಟನೇ ಕಂತು.

"ಕೆಲಸ?"

"ಯುವರಾಜ."

"ತಾಯಿ ಹೆಸರು?"

ತಡವರಿಸಿದ. ಅದು ಬರುವುದು ಮೂವತ್ತನಾಲ್ಕರಲ್ಲಿ. ಮೂವತ್ತರವರೆಗೆ ಆಪ್‌ನಲ್ಲಿ ಪುಕ್ಕಟೆ, ಆಮೇಲೆ ಬೀಗ. ಮಹಾರಾಜನ ಮಗ ಪುಕ್ಕಟೆ ಕಂತು ಓದಿ ಮೈಮೇಲೆ ಬಂದಿದ್ದಾನೆ!

"ಹೇಳಪ್ಪ ಯುವರಾಜ. ಹೆತ್ತ ತಾಯಿ ಹೆಸರು ಮರೆತೆಯಾ?"

"ಗಾ... ಗಾದ್ರಮ್ಮ."

"ಅಯ್ಯ ಶಿವನೇ, ನನ್ನ ಹೆಸರ್ಯಾಕೆ ತಗೀತೈತೆ ಇದು!" ಅಂತ ಗಾದ್ರಮ್ಮ ಎದೆ ಬಡಿದುಕೊಂಡಳು.

ಯಾರೋ ಹಿಂದೆ ನಕ್ಕರು. ನಾನು ಮೊಬೈಲ್ ತೆಗೆದು ಹತ್ತೊಂಬತ್ತನೇ ಕಂತು ಗಟ್ಟಿಯಾಗಿ ಓದಿದೆ. ವಿಡಿಯೊ ಹಾಕಿ ತೋರಿಸಿದೆ. ಅಕ್ಷರ ಅಕ್ಷರ ಅದೇ. ಸತೀಶ್ ಕುಮಾರನ ತಿರುಗಿದ ಕಣ್ಣು ತಾನಾಗೇ ಸರಿಹೋಯಿತು. ಮಣೆ ಬಿಟ್ಟು ಎದ್ದು ಅಂಗಿ ಹುಡುಕತೊಡಗಿದ.

ಮುಗಿಯಿತು ಅಂದುಕೊಂಡೆ. ದಡ್ಡಿ ನಾನು.

ಮುರುಗೇಶಪ್ಪ ಕೆಮ್ಮಿದ. "ಆತಲ್ರಿ ಮೇಡಂ, ನಿಮ್ಮ ಕಾಲ್ಗುಣ, ಗಾಳಿ ಬಿಟ್ಟು ಹೋತು. ಹುಡುಗ ಸರಿ ಆದ. ಇನ್ನ ಕಾಂಪ್ರಮೈಸ್ ಮಾಡಿ ಮಗೀನ ಇವತ್ತೇ ಕಳಿಸಾಣ."

"ಗಾಳಿ ಎಲ್ಲಿತ್ರೀ? ನಿಮ್ಮೆದುರಿಗೇ ನಾಟಕ ಬಯಲಾಯ್ತಲ್ಲ!"

"ಇತ್ತೋ ಇಲ್ಲೋ, ಈಗಂತೂ ಇಲ್ಲಲ್ರಿ."

ಹದಿನೈದು ಜನ ಉಣ್ಣಲು ಎದ್ದರು. ಹೋಳಿಗೆ ಮಾಡಿಸಿದ್ದನಂತೆ. ಹೋಳಿಗೆ! ಹುಡುಗಿಯ ಎಡಗೈ ಹಿಡಿದು, ತಾಯಿಯನ್ನೂ ಎಬ್ಬಿಸಿ, ಆಟೋ ಹತ್ತಿಸಿಕೊಂಡು ಸೀದಾ ಇಲ್ಲಿಗೆ ಬಂದೆ.

ದಾರಿಯಲ್ಲಿ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. "ಮೇಡಂ, ನಿಮ್ಮ ಕಥೆ ನಾನೂ ಓದ್ತಿದ್ದೆ. ನಾನೇ ಅವ್ರಿಗೆ ಓದಿ ಹೇಳ್ತಿದ್ದೆ. ಇಂದ್ರಸೇನ ಹೊಡ್ದ ಮ್ಯಾಲೆ ಅಳ್ತಾನಲ್ರಿ, ಆಮೇಲೆ ಒಳ್ಳೇನಾಗ್ತಾನೆ. ಇವ್ರೂ ಅತ್ರು. ಅದ್ಕೇ ಕಾದೆ."

ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು.

ಎಕ್ಸ್‌ರೇ ಬಂತು. ಎರಡು ಕಡೆ ಮುರಿದಿದೆ. ಡಾಕ್ಟರು ಸ್ಟೇಷನ್ನಿಗೆ ತಿಳಿಸಿದ್ದಾರೆ. ಹೇಳಿಕೆ ತಗೊಳ್ಳಲು ಬರುತ್ತಾರೆ. ಹುಡುಗಿ ಒಂದು ಮಾತು ನಿಜ ಹೇಳಿದರೆ ಸಾಕು.

ಜೂನ್ 26, ಗುರುವಾರ. ಚನ್ನಗಿರಿ.

ಹೇಳಲಿಲ್ಲ.

ಹೆಡ್‌ಕಾನ್‌ಸ್ಟೇಬಲ್ ಒಳ್ಳೆಯವನೇ. ಕುರ್ಚಿ ಹಾಕಿಕೊಂಡು ಮೆತ್ತಗೆ ಕೇಳಿದ. ಅಷ್ಟರಲ್ಲಿ ಮುರುಗೇಶಪ್ಪ ಕಾರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ. ಒಂದು ಮಾತಾಡಲಿಲ್ಲ. ನಿಂತಿದ್ದ, ಅಷ್ಟೆ. ಹುಡುಗಿ ಮಾವನ ಮುಖ ನೋಡಿದಳು. ತಾಯಿಯ ಮುಖ ನೋಡಿದಳು. "ಬಚ್ಚಲಲ್ಲಿ ಜಾರಿ ಬಿದ್ದೆ" ಅಂದಳು.

"ಅವರನ್ನ ಆಚೆ ಕಳಿಸಿ ಇನ್ನೊಂದ್ಸಲ ಕೇಳ್ರಿ" ಅಂದೆ. ಕಳಿಸಿ ಕೇಳಿದ. "ಬಿದ್ದೆ ಸಾರ್" ಅಂದಳು. ಬಲಗೈ ಆಗದ್ದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡ. ಬಿಕಾಂ ಓದಿದ ಹುಡುಗಿ, ಹೆಬ್ಬೆಟ್ಟು!

ಸಿಟ್ಟು ಹುಡುಗಿ ಮೇಲೂ ಬಂತು. ಬರಬಾರದು ಅಂತ ಗೊತ್ತು. ಬಂತು. ಹೊರಡುವಾಗ ನನ್ನ ನಂಬರು ಅವಳ ತಾಯಿಗೆ ಬರೆದುಕೊಟ್ಟೆ, ಅವಳಿಗೆ ಬಾಯಿಪಾಠ ಮಾಡಿಸಿದೆ. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದಳು.

ಜೂನ್ 30, ಸೋಮವಾರ

ಹೊಸ ಕಂತು ಕಳಿಸಿದೆ. ನಾಯಕಿ ಸ್ಟೇಷನ್ನಿಗೆ ಹೋಗಿ ಇಂದ್ರಸೇನನ ಮೇಲೆ ದೂರು ಕೊಡುತ್ತಾಳೆ. ವಿನಯ್ ಕುಮಾರ್ ಬೊಬ್ಬೆ. "ಮೇಡಂ, ರೊಮ್ಯಾನ್ಸಲ್ಲಿ ಎಫ್‌ಐಆರ್ ಹಾಕ್ತಾರಾ? ಓದುಗರಿಗೆ ಮದುವೆ ಬೇಕು! ದೆವ್ವದ ಮೇಲೆ ಯಾವ ಸೆಕ್ಷನ್ನು?"

"ಹತ್ತೊಂಬತ್ತನೇ ಕಂತು ತೆಗೆದುಹಾಕು" ಅಂದೆ.

"ಅದು ನಿಮ್ಮ ಬೆಸ್ಟ್ ಕಂತು ಮೇಡಂ!"

"ಅದಕ್ಕೇ."

ತೆಗೆಯುವುದಿಲ್ಲವಂತೆ. ಅಗ್ರಿಮೆಂಟ್ ಇದೆಯಂತೆ.

ಜುಲೈ 4, ಶುಕ್ರವಾರ

ಹೊಸ ಕಂತು ಕೊನೆಗೂ ಹಾಕಿದ್ದಾರೆ, ಅದರ ಕಾಮೆಂಟು ಓದಿದೆ. 'ನಿಶಾಗಂಧಿ ಮೇಡಂಗೆ ಪ್ರೀತಿ ಅಂದ್ರೆ ಗೊತ್ತಿಲ್ಲ.' 'ಒಂದು ಏಟಿಗೆ ಇಷ್ಟೊಂದು ರಂಪಾಟನಾ?' 'ಪಾಪ ಇಂದ್ರಸೇನ.' ಎಲ್ಲ ಹೆಣ್ಣು ಹೆಸರುಗಳೇ. ಮೊಬೈಲ್ ಮಂಚದ ಮೇಲೆ ಎಸೆದೆ.

ಮಧ್ಯಾಹ್ನ ಸರ್ವಮಂಗಳಮ್ಮ ಫೋನ್ ಮಾಡಿದರು. ಅಳು. ಅಣ್ಣ ಬಂದು ಮಗಳನ್ನು ಜಗಳೂರಿಗೆ ಬಿಟ್ಟು ಬಂದನಂತೆ, ಪ್ಲಾಸ್ಟರ್ ಕೈಯಲ್ಲೇ. "ನಾನೇನ್ ಮಾಡ್ಲಿ ತಾಯಿ, ಅಣ್ಣನ ಮಾತು ಮೀರಾಕೆ ಆಗಲ್ಲ." ದೆವ್ವ ಕೇಳಿದ್ದನ್ನೆಲ್ಲ ಕೊಟ್ಟಿದ್ದಾರೆ. ಅಂಗಡಿ ಕೆಲಸ ಬಿಡಿಸಿದರು. ಮೊಬೈಲು ಅವನ ಹತ್ತಿರ.

ಜುಲೈ 22, ಮಂಗಳವಾರ. ಬೆಳಿಗ್ಗೆ.

ಇಷ್ಟು ದಿನ ಏನೂ ಬರೆದಿಲ್ಲ. ಕಥೆಯೂ ಇಲ್ಲ, ಇದೂ ಇಲ್ಲ. ವಿನಯ್ ಕುಮಾರನ ಫೋನು ಎತ್ತುತ್ತಿಲ್ಲ. ಇವತ್ತು ಕೂತು —

ಗೊತ್ತಿಲ್ಲದ ನಂಬರು. ಎತ್ತಿದೆ.

"ಮೇಡಂ, ನಾನ್ರಿ. ಚೈತ್ರಾ. ಜಗಳೂರು ಬಸ್‌ಸ್ಟ್ಯಾಂಡ್. ಇದು ಬುಡನ್‌ಸಾಬ್ ಅಂತ, ಬಾಳೆಹಣ್ಣಿನ ಗಾಡಿಯೋರ ಫೋನು." ಏದುಸಿರು. ಬಾಯಿ ಊದಿದೆ, ಮಾತು ಸರಿ ಹೊರಡುತ್ತಿಲ್ಲ. ಅಲ್ಲೇ ಇರು, ಅವರ ಗಾಡಿ ಬಿಟ್ಟು ಕದಲಬೇಡ, ಹೊರಟೆ ಅಂದೆ. ಅಲ್ಲಿನ ಸ್ಟೇಷನ್ನಿಗೆ ನಾನು ಹೇಳುತ್ತೇನೆ, ಈಗಲೇ ಒಬ್ಬರು ಬರುತ್ತಾರೆ ಅಂದೆ.

"ಅಲ್ಲೀತನ ತಡೀಬ್ಯಾಡ್ರಿ. ಮಾವ ಬಂದ್ರೆ ಮತ್ತೆ ಬಿದ್ದೆ ಅಂತೀನಿ, ನನಗೆ ನನ್ನ ಮ್ಯಾಲೆ ನಂಬಿಕಿ ಇಲ್ಲ. ಈಗಲೇ ಬರ್ಕಳ್ರಿ."

ಕೈಯಲ್ಲಿ ಈ ಪುಸ್ತಕವೇ ಇದೆ. ಸ್ಪೀಕರ್ ಹಾಕಿದೆ. ಹೇಳು.

ಚೈತ್ರಶ್ರೀ, ಗಂಡ ಸತೀಶ್ ಕುಮಾರ್, 24 ವರ್ಷ, ವಾಸ ಜಗಳೂರು. ನಾನು ಬಚ್ಚಲಲ್ಲಿ ಬಿದ್ದಿಲ್ಲ. ಅವತ್ತೂ ಬಿದ್ದಿರಲಿಲ್ಲ. ಅವತ್ತೂ ಇವತ್ತೂ ನನ್ನ ಗಂಡನ ಮೈಮೇಲೆ ಯಾರೂ ಬಂದಿರಲಿಲ್ಲ. ಅವನೇ ಹೊಡೆದದ್ದು.