ಜಾರಿ ಬಿದ್ದವರ ರಿಜಿಸ್ಟರ್

ಮನೆಯಿಂದ,
ತಾರೀಖು ಹನ್ನೊಂದು, ಸೋಮವಾರ

ಪ್ರೀತಿಯ ಚಿನಕುರಳಿಗೆ,

ಅಮ್ಮನ ಆಶೀರ್ವಾದ. ನಾನಿಲ್ಲಿ ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಗುತ್ತೀಯ. ಇದ್ದೇನೆ ಎಂದಷ್ಟೇ ಬರೆಯುತ್ತೇನೆ. ನಿನ್ನ ಕಾಗದ ಬಂದು ಇವತ್ತಿಗೆ ನಲವತ್ತು ದಿನ. ನಾಲ್ಕು ವರ್ಷ ಫೋನೇ ಎತ್ತದ ಮಗಳು ಕಾಗದ ಹಾಕಿದರೆ, ಉತ್ತರಕ್ಕೆ ನಲವತ್ತು ದಿನ ತೆಗೆದುಕೊಂಡ ತಾಯಿಗೆ ಏನೆನ್ನಬೇಕೋ ನೀನೇ ಹೇಳು. ಮೂರು ಸಲ ಬರೆಯಲು ಕುಳಿತೆ. ಒಂದು ಸಲ ಪೆನ್ನು ಬರೆಯಲಿಲ್ಲ, ಇನ್ನೊಂದು ಸಲ ಹಾಲು ಉಕ್ಕಿತು, ಮೂರನೆಯ ಸಲ ಯಾವ ನೆಪವೂ ಸಿಗದೆ ಸುಮ್ಮನೆ ಎದ್ದುಬಿಟ್ಟೆ. ತಪ್ಪನ್ನು ಹೊಟ್ಟೆಗೆ ಹಾಕಿಕೋ.

ನೀನು ಬರೆದದ್ದಾದರೂ ಎಷ್ಟು? ಒಂದೂವರೆ ಸಾಲು. "ಅಮ್ಮಾ, ಪೇಪರಲ್ಲಿ ನಿನ್ನ ಫೋಟೋ ನೋಡಿದೆ. ಒಟ್ಟು ಎಷ್ಟು ಚುಕ್ಕೆ ಇತ್ತು?" ಮಾತು ಕಲಿತ ದಿನದಿಂದ ಪಟಪಟ ಸಿಡಿದು ಚಿನಕುರಳಿ ಎನ್ನಿಸಿಕೊಂಡವಳು ಇಷ್ಟು ಚಿಕ್ಕದಾಗಿ ಬರೆಯುವುದನ್ನು ಯಾವಾಗ ಕಲಿತೆ? ಪೇಪರಿನವರು ಅರ್ಧ ವಿಷಯ ಬರೆದರು, ಉಳಿದರ್ಧವನ್ನು ತಮಗೆ ಬೇಕಾದ ಹಾಗೆ ತುಂಬಿಕೊಂಡರು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ, ಕೇಳು.

ಇದೆಲ್ಲ ಶುರುವಾದದ್ದು ನಿನ್ನ ಕೋಟು ಚಿಕ್ಕಮ್ಮನಿಂದ. ನನ್ನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವಳು, ಈಗ ವಕೀಲೆ. ಸಣ್ಣವಳಿದ್ದಾಗ ನೀನೇ ಅವಳ ಕರಿಕೋಟು ನೋಡಿ ಆ ಹೆಸರಿಟ್ಟೆ. ರಾಷ್ಟ್ರೀಯ ಲಿಂಗ ಸಮಾನತಾ ನೀತಿ ಎಂಬುದೊಂದನ್ನು ತರಿಸಬೇಕೆಂದು ಹನ್ನೊಂದು ವರ್ಷದಿಂದ ಕಚೇರಿ ಕಚೇರಿ ಅಲೆಯುತ್ತಿದ್ದಾಳೆ. ಅಲೆದೂ ಅಲೆದೂ ಅವಳ ಮಂಡಿ ಸವೆಯಿತು, ನೀತಿ ಬರಲಿಲ್ಲ. ಕೊನೆಗೆ ಈ ವರ್ಷ ಸರ್ಕಾರ ಒಂದು ಕರಡು ಮಾಡಿ, ಅದನ್ನು ಒರೆಗೆ ಹಚ್ಚಲು ಐವರ ಸಮಿತಿಯನ್ನು ಕೂರಿಸಿತು. ನಾಲ್ವರು ಗಂಡಸರು, ಒಬ್ಬಳು ಹೆಂಗಸು. ಲೆಕ್ಕ ನೋಡಿಯೇ ನನಗೆ ನಗು ಬಂತು. ಅವಳು ಮಾತ್ರ, "ನಗಬೇಡ ಕಣೇ, ಹದಿನೇಳನೇ ಕಲಮು ಉಳಿದ್ರೆ ನನಗೆ ಸಾಕು" ಎಂದಳು.

ಹದಿನೇಳನೇ ಕಲಮು ಹೇಳುವುದು ಇಷ್ಟೇ. ಗಾಯವಾಗಿ ಆಸ್ಪತ್ರೆಗೆ ಬಂದ ಹೆಂಗಸನ್ನು, ಕರೆತಂದವರಿಂದ ಬೇರೆ ಮಾಡಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿಸಿ, ಏನಾಯಿತು ಎಂದು ಕೇಳಬೇಕು. ಹೇಳಿದ್ದನ್ನು ಗುಟ್ಟಾಗಿ ಬರೆದಿಡಬೇಕು. ಅವಳು ಒಪ್ಪದೆ ಪೊಲೀಸರಿಗೆ ಚೀಟಿ ಹೋಗಬಾರದು. ಒಂದು ಕೋಣೆ, ಒಂದು ಬಾಗಿಲು, ಒಂದು ಪ್ರಶ್ನೆ. ಅದನ್ನು ತೆಗೆದುಹಾಕಬೇಕೆಂದು ಸಮಿತಿ ಹಟ ಹಿಡಿದಿತ್ತು. ಮನೆಯಲ್ಲಿ ಏಟು ತಿಂದು ಬರುವವರು ಇದ್ದಾರೆ ಎನ್ನುವುದಕ್ಕೆ ಆಸ್ಪತ್ರೆಗಳಲ್ಲಿ ದಾಖಲೆಯೇ ಇಲ್ಲವಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಎಂದು ನಾನು ಅವಳ ಹತ್ತಿರ ಹಾರಾಡಿದೆ. "ಬೇಕಂತೆ. ಕನ್ನಡಿ ನಿನ್ನ ಹತ್ರ ಇದೆ, ತಗೊಂಡು ಬಾ" ಎಂದಳು.

ಅವಳು ಕೇಳಿದ್ದು ನಮ್ಮ ಆಸ್ಪತ್ರೆಯ ಕ್ಯಾಶುವಾಲ್ಟಿಯ ರಿಜಿಸ್ಟರುಗಳನ್ನು. ನಾಳೆ ಹೇಳುತ್ತೇನೆ ಎಂದು ಜಾರಿಕೊಂಡೆ. ಏಕೆಂದರೆ ದಾಖಲೆ ಇಲ್ಲದ ಹಾಗೆ ಮಾಡಿದವಳೇ ನಾನು. ಆ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ, ಹೆಸರು, ವಯಸ್ಸು, ಗಾಯ, ಕಾರಣ ಅಂತ ಐದು ಅಂಕಣ. ಕಾರಣದ ಅಂಕಣದಲ್ಲಿ ಇಪ್ಪತ್ತಾರು ವರ್ಷ ನಾನು ಬರೆದದ್ದು ಒಂದೇ: ಜಾರಿ ಬಿದ್ದದ್ದು. ಬಚ್ಚಲಲ್ಲಿ ಜಾರಿ, ಮೆಟ್ಟಿಲಲ್ಲಿ ಜಾರಿ, ಅಂಗಳದಲ್ಲಿ ಜಾರಿ.

ಯಾಕೆ ಹಾಗೆ ಬರೆದೆ ಎಂದು ನೀನು ಕೇಳಬಹುದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ತುಟಿ ಒಡೆದ ಒಬ್ಬ ಹುಡುಗಿ ಬಂದಿದ್ದಳು. ಇದ್ದದ್ದನ್ನು ಇದ್ದ ಹಾಗೆ ಬರೆದೆ. ಪೊಲೀಸರಿಗೆ ಚೀಟಿ ಹೋಯಿತು, ಅವರು ಮನೆಗೆ ಹೋಗಿ ಅವಳ ಗಂಡನ ಕೈಕುಲುಕಿ ಬಂದರು. ಎಂಟು ದಿನ ಕಳೆದು ಅದೇ ಹುಡುಗಿಯನ್ನು ಸ್ಟ್ರೆಚರಿನಲ್ಲಿ ತಂದರು. ಊದಿದ ಬಾಯಲ್ಲೇ, "ಸಿಸ್ಟರ್, ಈ ಸಲ ಜಾರಿ ಬಿದ್ದೆ ಅಂತ ಬರ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದಳು. ಬರೆದುಕೊಂಡೆ. ಅವತ್ತಿನಿಂದ ಯಾರು ಕೇಳಿದರೂ ಬರೆದುಕೊಂಡೆ, ಕೇಳದೆಯೂ ಬರೆದುಕೊಂಡೆ. ಆದರೆ ಕೈ ಸುಮ್ಮನಿರಲಿಲ್ಲ. ಜ್ವರದ ಚಾರ್ಟಿಗೆಂದು ಜೇಬಿನಲ್ಲಿ ಇಟ್ಟುಕೊಳ್ಳುವ ಕೆಂಪು ಪೆನ್ನಿನಿಂದ ಅವಳ ಕ್ರಮಸಂಖ್ಯೆಯ ಕೆಳಗೆ ಒಂದು ಚುಕ್ಕೆ ಇಟ್ಟೆ. ಇದು ಸುಳ್ಳು ಎಂದು ನನಗೆ ಗೊತ್ತು ಎನ್ನುವ ಚುಕ್ಕೆ. ಯಾರಿಗೆ ತೋರಿಸಲಿಕ್ಕೆ ಎಂದರೆ ಗೊತ್ತಿಲ್ಲ. ಆಮೇಲೆ ಅದೇ ಅಭ್ಯಾಸವಾಯಿತು.

ರೆಕಾರ್ಡ್ ರೂಮಿನಲ್ಲಿ ಹನ್ನೆರಡು ವರ್ಷದ ರಿಜಿಸ್ಟರುಗಳು ಉಳಿದಿದ್ದವು, ಮೂವತ್ತೊಂದು. ಅದಕ್ಕೂ ಹಿಂದಿನವು ಗೆದ್ದಲ ಪಾಲು. ನಮ್ಮ ಆಯಾ ಗೊತ್ತಲ್ಲ, ಮಾತಿಗೆ ಮುಂಚೆ ಮೂಗು ಮುರಿಯುವವಳು, ಅವಳೂ ನಾನೂ ಒಂಬತ್ತು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬಟ್ಟೆ ಕೋಣೆಯಲ್ಲಿ ಕೂತು ಚುಕ್ಕೆ ಎಣಿಸಿದೆವು. ಹೆಸರಿದ್ದ ಕಡೆಯಲ್ಲೆಲ್ಲ ಪ್ಲಾಸ್ಟರು ಪಟ್ಟಿ ಅಂಟಿಸಿ ಮುಚ್ಚಿದೆವು. ಮೂರನೆಯ ದಿನ ಆಯಾ ಎಣಿಸುವುದನ್ನು ನಿಲ್ಲಿಸಿ, "ಅಯ್ಯೋ ಅಕ್ಕಾ, ಇದು ನಮ್ಮ ಬೀದಿ ಟೀಚರಮ್ಮ ಅಲ್ವಾ?" ಎಂದಳು. ಆಮೇಲೆ ಮೂಗು ಮುರಿಯಲಿಲ್ಲ.

ಸಭೆ ನಡೆದದ್ದು ದೊಡ್ಡ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಹಸಿರು ಬಟ್ಟೆ ಹಾಸಿದ ಉದ್ದ ಮೇಜು, ಒಬ್ಬೊಬ್ಬರಿಗೆ ಒಂದೊಂದು ನೀರಿನ ಬಾಟಲಿ. ನಮಗೆ ಬಾಗಿಲ ಪಕ್ಕದ ಕುರ್ಚಿಗಳು. ಅಂಕಿಅಂಶದ ಅಧಿಕಾರಿ ಎದ್ದು ನಮ್ಮ ಆಸ್ಪತ್ರೆಯ ಲೆಕ್ಕವನ್ನೇ ಓದಿದ. "ಹನ್ನೆರಡು ವರ್ಷದಲ್ಲಿ ಮನೆಯೊಳಗೆ ಜಾರಿ ಬಿದ್ದ ಮಹಿಳೆಯರು ನಾಲ್ಕು ಸಾವಿರದ ಇನ್ನೂರ ಹನ್ನೆರಡು. ಮನೆಯವರಿಂದ ಪೆಟ್ಟು ತಿಂದೋರು ಒಂಬತ್ತು. ಅಂದ್ರೆ ಸಮಸ್ಯೆ ಇರೋದು ಬಚ್ಚಲಿನ ನೆಲದಲ್ಲಿ ಸರ್." ಎಲ್ಲರೂ ನಕ್ಕರು. ಅಧ್ಯಕ್ಷರು ಒಳ್ಳೆಯ ಮುಖದ ಮನುಷ್ಯ, ನಿಮ್ಮಜ್ಜನ ವಯಸ್ಸು. "ನೋಡಮ್ಮಾ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಅದನ್ನೆಲ್ಲ ದೇಶದ ನೀತಿಯೊಳಗೆ ತುರುಕಿದ್ರೆ ಹೇಗೆ?" ಎಂದರು. ನಿನ್ನ ಕೋಟು ಚಿಕ್ಕಮ್ಮ ತಟ್ಟನೆ, "ಉಂಡು ಮಲಗಿದೋಳು ಬೆಳಿಗ್ಗೆ ಏಳದೇ ಇದ್ರೆ ಯಾರನ್ನ ಕೇಳೋಣ ಸರ್?" ಎಂದು ನನ್ನನ್ನು ಮುಂದಕ್ಕೆ ತಳ್ಳಿದಳು.

ನನಗೆ ಭಾಷಣ ಬರುವುದಿಲ್ಲ. ಗೊತ್ತಿದ್ದದ್ದನ್ನು ಹೇಳಿದೆ. "ಸರ್, ನಿಜವಾಗಿ ಬಿದ್ದೋರು ಅಂಗೈ ಊರ್ತಾರೆ. ಅದಕ್ಕೆ ಮಣಿಕಟ್ಟು ಮುರಿಯುತ್ತೆ. ಏಟು ತಡೆಯೋರು ಕೈನ ಮುಖದ ಮುಂದೆ ಹೀಗೆ ಅಡ್ಡ ಹಿಡೀತಾರೆ. ಆಗ ಮುರಿಯೋದು ಕಿರುಬೆರಳಿನ ಕಡೆ ಮೂಳೆ, ಮುಂಗೈಯ ನಟ್ಟನಡುವೆ. ಬಚ್ಚಲಲ್ಲಿ ಜಾರಿ ಆ ಮೂಳೆನ ಅಲ್ಲಿ ಮುರ್ಕೊಳ್ಳೋದು ಕಷ್ಟ." ನಾನು ಕೈ ಎತ್ತಿ ತೋರಿಸಿದಾಗ ಅಧ್ಯಕ್ಷರೂ ತಮಗೆ ಅರಿವಿಲ್ಲದೆ ಕೈ ಎತ್ತಿ ನೋಡಿಕೊಂಡು, ಬೇಗ ಇಳಿಸಿಬಿಟ್ಟರು. ಇನ್ನೊಂದೂ ಹೇಳಿದೆ. "ನಿಜವಾಗಿ ಜಾರಿದೋಳು ಬೈತಾಳೆ ಸರ್. ಸೋಪಿಗೆ ಬೈತಾಳೆ, ನೀರು ಚೆಲ್ಲಿದ ಮಗೂಗೆ ಬೈತಾಳೆ, ಮನೆ ಕಟ್ಟಿದ ಮೇಸ್ತ್ರಿಗೂ ಬೈತಾಳೆ. ಸುಳ್ಳು ಹೇಳೋಳು ಯಾರಿಗೂ ಬೈಯಲ್ಲ. ಅದನ್ನ ನೋಡೇ ನಾನು ಚುಕ್ಕೆ ಇಡ್ತಿದ್ದೆ." ಎಷ್ಟು ಚುಕ್ಕೆ ಎಂದು ಕೇಳಿದರು. ಹೇಳಿದೆ. ನನ್ನ ಪಾಳಿಯವು ಮಾತ್ರ ಅಂತಲೂ ಹೇಳಿದೆ. ಒಂದು ಗಳಿಗೆ ಯಾರೂ ಬಾಟಲಿ ಮುಟ್ಟಲಿಲ್ಲ. ಗೆದ್ದೆವು ಎಂದುಕೊಂಡೆ, ಚಿನಕುರಳಿ. ಆ ಒಂದು ಗಳಿಗೆ ನಿಜವಾಗಿ ಹಾಗೇ ಅಂದುಕೊಂಡೆ.

ಆಮೇಲೆ ಅಂಕಿಅಂಶದವನು ಒಂದು ರಿಜಿಸ್ಟರ್ ಎತ್ತಿ ಬೆಳಕಿಗೆ ಹಿಡಿದು, "ಇದು ನೊಣದ ಹಿಕ್ಕೆ ಅಲ್ಲ ಅಂತ ಏನು ಗ್ಯಾರಂಟಿ?" ಎಂದ. "ನೊಣ ಕೆಂಪು ಹಿಕ್ಕೆ ಹಾಕಲ್ಲ ಸರ್" ಎಂದೆ. ಇದಕ್ಕೆ ಯಾರೂ ನಗಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದಿಟ್ಟು, ಬೈಯದೆ, ಮೆತ್ತಗೆ ಕೇಳಿದರು.

"ಜಾರಿ ಬಿದ್ದದ್ದು ಅಂತ ಬರೆದೋರು ಯಾರು?"

"ನಾನೇ."

"ಸುಳ್ಳು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಹನ್ನೆರಡು ವರ್ಷ ಅಕ್ಷರದಲ್ಲಿ ಸುಳ್ಳು ಬರೆದೋರು, ಚುಕ್ಕೇಲಿ ಮಾತ್ರ ನಿಜ ಬರೆದಿದ್ದೀರಿ ಅಂತ ನಾವು ಹೇಗಮ್ಮ ನಂಬೋದು?"

ಆ ಒಬ್ಬಳು ಹೆಂಗಸು ಸದಸ್ಯೆಯ ಕಡೆ ನೋಡಿದೆ. ಆಕೆ ತನ್ನ ಸೆರಗಿನ ಅಂಚನ್ನು ಸರಿಮಾಡಿಕೊಳ್ಳುತ್ತಿದ್ದಳು. ಸರಿಯಾಗಿಯೇ ಇದ್ದ ಅಂಚು.

ರಿಜಿಸ್ಟರುಗಳನ್ನು ಅಲ್ಲೇ ಹುರಿಯಲ್ಲಿ ಕಟ್ಟಿ ಅರಗು ಹಾಕಿದರು. ಸರ್ಕಾರಿ ದಾಖಲೆಯಲ್ಲಿ ಸುಳ್ಳು ಬರೆದದ್ದಕ್ಕೆ ನನ್ನನ್ನು ಅಮಾನತಿನಲ್ಲಿಟ್ಟರು, ನಿವೃತ್ತಿಗೆ ಹನ್ನೊಂದು ತಿಂಗಳಿರುವಾಗ. ಇದೇ ಇಪ್ಪತ್ತೆಂಟಕ್ಕೆ ವಿಚಾರಣೆ. ಹದಿನೇಳನೇ ಕಲಮು ಈಗಲೂ ಇದೆ, ಗಾಬರಿಯಾಗಬೇಡ. ತಿದ್ದಿದ ಕರಡನ್ನು ಚಿಕ್ಕಮ್ಮ ತಂದು ತೋರಿಸಿದಳು. "ಮನೆಗಳಲ್ಲಿ ಜಾರದ ನೆಲಹಾಸಿನ ಬಳಕೆಯ ಕುರಿತು ಮಹಿಳೆಯರಲ್ಲಿ ಅರಿವು ಮೂಡಿಸುವುದು." ಓದಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳು ಅಡುಗೆಮನೆಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಳು. ನಾನು ಒಳಗೆ ಹೋಗಲಿಲ್ಲ.

ನಿಮ್ಮಪ್ಪ ಆ ಪೇಪರನ್ನು ನಾಲ್ಕು ಮಡಿಕೆ ಮಾಡಿ ಹಾಸಿಗೆಯಡಿ ಇಟ್ಟಿದ್ದಾರೆ. ಬೈದೂ ಇಲ್ಲ, ಭೇಷ್ ಅಂದೂ ಇಲ್ಲ. ಒಬ್ಬ ಗಂಡಸು ಗೇಟಿನ ಹತ್ತಿರ ಬಂದು, "ನನ್ನ ಹೆಂಡ್ತಿ ಹೆಸರಿಗೂ ಚುಕ್ಕೆ ಇಟ್ಟಿದ್ದೀಯಾ?" ಎಂದು ಕೂಗಾಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಗೇಟಿಗೆ ಚಿಲಕ ಹಾಕಿಕೊಂಡೆ. ನನಗೆ ಭಯವಾದದ್ದು ನನಗಾಗಿ ಅಲ್ಲ, ಅವನು ಮನೆಗೆ ವಾಪಸು ಹೋಗುತ್ತಾನಲ್ಲ, ಅದಕ್ಕೆ.

ಹೆಂಗಸರೂ ಬರುತ್ತಾರೆ. ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ. ಇಲ್ಲಿಯವರೆಗೆ ಹನ್ನೊಂದು ಜನ. ನೀತಿಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಪಕ್ಕಕ್ಕೆ ಬಂದು, ಎಲ್ಲೋ ನೋಡುತ್ತಾ, "ಸಿಸ್ಟರ್, ನನ್ನದಕ್ಕೆ ಇಟ್ಟಿದ್ರಾ?" ಎನ್ನುತ್ತಾರೆ. ಇಟ್ಟಿದ್ದೆ ಎಂದರೆ ತಲೆಯಾಡಿಸಿ, ಚೀಲ ಎತ್ತಿಕೊಂಡು ಹೊರಟುಬಿಡುತ್ತಾರೆ. ಅಷ್ಟೇ ಬೇಕಾಗಿತ್ತು ಎನ್ನುವ ಹಾಗೆ. ಹನ್ನೊಂದನೆಯವಳು ಹೋದ ಮೇಲೆ ಮನೆಗೆ ಬಂದು ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ.

ಚಿಕ್ಕಮ್ಮ ಮತ್ತೆ ಅರ್ಜಿ ಬರೆಯುತ್ತಿದ್ದಾಳೆ. ಕರಡು ಸಂಸತ್ತಿಗೆ ಹೋಗುವ ಮುಂಚೆ ಹಳೆಯ ಹದಿನೇಳನ್ನು ವಾಪಸು ತರಿಸಿಯೇ ತೀರುತ್ತಾಳಂತೆ. ಅವಳ ಮಂಡಿಗೆ ನಾನೇ ಎಣ್ಣೆ ತಿಕ್ಕುತ್ತೇನೆ, ಈಗ ಹೇಗೂ ಪುರಸೊತ್ತು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಚಳಿಗೆ ಆ ಕೈ ನೋಯುತ್ತಿದ್ದರೆ ಬಿಸಿ ಬಟ್ಟೆ ಇಡು, ಅಸಡ್ಡೆ ಮಾಡಬೇಡ. ನೂರು ಕಾಲ ಬಾಳು, ನಿನ್ನ ಮನೆಯ ಬಾಗಿಲ ಚಿಲಕ ನಿನ್ನ ಕೈಯಲ್ಲೇ ಇರಲಿ. ಇದಕ್ಕಿಂತ ದೊಡ್ಡ ಹರಕೆ ನನಗೆ ತಿಳಿಯದು.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ. ಇಷ್ಟು ಹೊತ್ತೂ ಇದರ ಸುತ್ತಲೇ ಸುತ್ತುತ್ತಿದ್ದೆ.

ಸಭೆಯಲ್ಲಿ ನಾನು ಹೇಳಿದ ಲೆಕ್ಕ ಸಾವಿರದ ಮುನ್ನೂರ ಎಂಬತ್ತಾರು. ನೀನು ಕೇಳಿದ್ದು ಆ ಲೆಕ್ಕವನ್ನಲ್ಲ ಎಂದು ನನಗೆ ಗೊತ್ತು. ಹತ್ತೊಂಬತ್ತನೇ ರಿಜಿಸ್ಟರಿನಲ್ಲಿ, ಒಂದು ಮಂಗಳವಾರ ಮಧ್ಯಾಹ್ನ, ನನ್ನದೇ ಅಕ್ಷರದಲ್ಲಿ ನಿನ್ನ ಹೆಸರಿದೆ. ಕಾರಣ: ಸ್ಟೂಲಿನಿಂದ ಬಿದ್ದದ್ದು. ಎಡಗೈ. ಕಿರುಬೆರಳಿನ ಕಡೆಯ ಮೂಳೆ, ನಟ್ಟನಡುವೆ. ಅವನು ನಿನ್ನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಮಂಚದ ಪಕ್ಕ ನಿಂತಿದ್ದ. ಎಂಥಾ ಅಳಿಯ ಅಕ್ಕಾ ನಿಮಗೆ ಎಂದಳು ಆಯಾ. ನಾನು ಅವನ ಎದುರೇ ಏನಾಯ್ತು ಎಂದು ಕೇಳಿದೆ. ಅಟ್ಟದ ಡಬ್ಬ ತೆಗೆಯಲು ಹೋಗಿ ಬಿದ್ದೆ ಎಂದೆ ನೀನು. ಎಡವಿದರೆ ಹೊಸಿಲಿಗೂ ಬೈಯುತ್ತಿದ್ದ ನನ್ನ ಚಿನಕುರಳಿ, ಅವತ್ತು ಸ್ಟೂಲಿಗೆ ಬೈಯಲಿಲ್ಲ.

ಕೆಂಪು ಪೆನ್ನು ತೆಗೆದೆ, ಮುಚ್ಚಳ ಬಿಚ್ಚಿದೆ, ಮತ್ತೆ ಹಾಕಿದೆ. ಆ ಚುಕ್ಕೆ ಇಟ್ಟಿದ್ದರೆ ಸಂಜೆ ನಿನ್ನನ್ನು ಅವನ ಜೊತೆ ಕಳಿಸಲು ನನಗೆ ಆಗುತ್ತಿರಲಿಲ್ಲ. ಗಂಡನ ಮನೆ ಬಿಟ್ಟು ಬಂದ ಮಗಳ ತಾಯಿ ಎನ್ನಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಇಡಲಿಲ್ಲ, ಅದಕ್ಕೇ ಕಳಿಸಿದೆ. ಮುಂದಿನ ಎರಡು ವರ್ಷ, ಅವನನ್ನು ಬಿಟ್ಟು ಹೊರಡುವ ತನಕ, ನೀನು ನನ್ನ ಆಸ್ಪತ್ರೆಗೆ ಬರಲಿಲ್ಲ, ಬೇರೆ ಆಸ್ಪತ್ರೆಗಳಿಗೆ ಹೋದೆ ಎಂದು ಆಮೇಲೆ ಕಿವಿಗೆ ಬಿತ್ತು. ಊರಿನವರಿಗೆಲ್ಲ ಚುಕ್ಕೆ ಇಟ್ಟವಳು ಹೆತ್ತ ಮಗಳಿಗೆ ಇಡಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದು ನನ್ನಂಥವಳನ್ನು ನೋಡಿಯೇ ಇರಬೇಕು.

ರಿಜಿಸ್ಟರು ಅರಗಿನೊಳಗಿದೆ, ಈಗ ಇಡೋಣ ಎಂದರೆ ಕೈಗೆ ಸಿಗುವುದಿಲ್ಲ. ಇಪ್ಪತ್ತೆಂಟರ ವಿಚಾರಣೆಯಲ್ಲಿ ಸಾವಿರದ ಮುನ್ನೂರ ಎಂಬತ್ತೇಳು ಎಂದು ಹೇಳುವ ಮನಸ್ಸಿದೆ. ಆದರೆ ನಿನ್ನ ವಿಷಯವನ್ನು ನಿನ್ನನ್ನು ಕೇಳದೆ ಇನ್ನೊಂದು ಸಲ ಬರೆಸಲಾರೆ. ಬೇಡ ಎಂದರೆ ಬೇಡ.

ಅವತ್ತು ಕೇಳಬೇಕಾದ ಹಾಗೆ ಇವತ್ತು ಕೇಳುತ್ತಿದ್ದೇನೆ. ನಿಮ್ಮಪ್ಪ ಹೊರಗೆ ಹೋಗಿದ್ದಾರೆ, ಮನೆಯಲ್ಲಿ ನಾನೊಬ್ಬಳೇ. ಬಾಗಿಲು ಮುಚ್ಚಿದ್ದೇನೆ. ಏನಾಯ್ತು ಮಗಳೇ?