ಇನ್ನೊಂದು ಕೀಲಿಕೈ

ಅಲ್ ನಹ್ದಾ, ದುಬೈ
ಏಪ್ರಿಲ್ 2013

ಅತ್ತೆಯವರಿಗೆ ಸೊಸೆಯ ನಮಸ್ಕಾರಗಳು.

ಫೋನಿನಲ್ಲಿ ಇದನ್ನು ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಊರಿಗೆ ಹೊರಟ ಕೋಕಿಲಾಳ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅಂದು ಇರಾನಿನ ಭೂಕಂಪಕ್ಕೆ ನಮ್ಮ ಕಟ್ಟಡ ತೂಗಿದಾಗ ಮಗುವನ್ನೂ ಪಾಸ್‌ಪೋರ್ಟಿನ ಚೀಲವನ್ನೂ ಎತ್ತಿಕೊಂಡು ಓಡಿದೆ. ಅಭ್ಯಾಸಬಲದಿಂದ ಹೊರಗಿನಿಂದ ಬೀಗವನ್ನೂ ಹಾಕಿದೆ. ನೀವು ಒಳಗೆ ಸ್ನಾನ ಮಾಡುತ್ತಿದ್ದಿರಿ. ಕೆಳಗೆ ಪಕ್ಕದ ಮನೆಯವರು "ಅಮ್ಮ ಎಲ್ಲಿ?" ಎಂದು ಕೇಳುವವರೆಗೂ ನನಗೆ ನೆನಪಾಗಲಿಲ್ಲ.

ಸಂಜೆ ನಿಮ್ಮ ಮಗ ವಿಚಾರಿಸಿದಾಗ ನೀವು, "ಬೀಗ ಹಾಕಿ ಹೋಗ್ಲಿಕ್ಕೆ ನಾನೇ ಹೇಳಿದ್ದು ಮಾರಾಯ" ಅಂದಿರಿ. ಅವರು ಇಂದಿಗೂ ಅದನ್ನೇ ನಂಬಿದ್ದಾರೆ.

ಇದರ ಜೊತೆ ನಮ್ಮ ಬಾಗಿಲಿನ ಇನ್ನೊಂದು ಕೀಲಿಕೈ ಇಟ್ಟಿದ್ದೇನೆ. ಅದು ನಿಮ್ಮ ಬಳಿಯೇ ಇರಲಿ.

ನೀವು ಊರಿಗೆ ಮರಳಿದ ಮೇಲೂ ಭೂಮಿಯ ಸಣ್ಣ ನಡುಕಗಳು ಬರುತ್ತಿವೆ. ನಿನ್ನೆ ನಡುಮನೆಯ ದೀಪ ತೂಗಾಡಿತು. ನಾನು ಮೊದಲು ನಿಮ್ಮ ಕೋಣೆಗೇ ಓಡಿದೆ. ಮಂಚ ಖಾಲಿ ಇತ್ತು.

ನಿಮ್ಮ
ಭವ್ಯಶ್ರೀ