ನಿನ್ನೆಯ ವಿಭೂತಿ

೧೭ ನವೆಂಬರ್ ೨೦೨೫, ಸೋಮವಾರ. ಯಳಂದೂರು.

ಇವತ್ತು ಲಿಂಗಪೂಜೆ ಮಾಡದೆ ತಿಂಡಿ ತಿಂದುಬಿಟ್ಟೆ. ಐವತ್ತು ವರ್ಷದಲ್ಲಿ ಇದೇ ಮೊದಲು. ಅದೂ ಕಾರ್ತಿಕ ಸೋಮವಾರ!

ಹೂ ಬಿಡಿಸಿ ಬಂದು ಕನ್ನಡಿ ನೋಡಿಕೊಂಡಾಗ ಹಣೆಯಲ್ಲಿ ವಿಭೂತಿ ಇತ್ತು. ಸ್ನಾನ, ಪೂಜೆ ಎರಡೂ ಆಗಿದೆ ಎಂದುಕೊಂಡು ಎರಡು ಇಡ್ಲಿ ತಿಂದೆ. ಕೈ ತೊಳೆಯುವಾಗ ಸೊಸೆ ಶಿವರಂಜನಿ ಬಚ್ಚಲಿಂದ ಕೂಗಿದಳು: "ನೀರು ಕಾದದೆ ಅತ್ತೆ, ಸ್ನಾನಕ್ಕೆ ಬನ್ನಿ."

ಹಣೆಯಲ್ಲಿದ್ದದ್ದು ನಿನ್ನೆಯ ವಿಭೂತಿ.

ಹೇಳಿದರೆ ನಕ್ಕಳು. "ಬುಡಿ ಅತ್ತೆ, ಒಲೆ ಮ್ಯಾಲೆ ಹಾಲಿಟ್ಟಿದ್ದು ನಂಗೂ ಮರ್ತೋಯ್ತದೆ." ಹಾಲೂ ಇದೂ ಒಂದೆಯೇ? ಕೊಳ್ಳೇಗಾಲದ ಡಾಕ್ಟರೂ ಹೋದ ತಿಂಗಳು ಹೀಗೆಯೇ. ಮರೆವು ಎಂದು ಹೋದರೆ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳು, ಪಟಪಟ ಹೇಳಿಬಿಟ್ಟೆ. "ನಿಮಗೇನೂ ಆಗಿಲ್ಲ, ವಯಸ್ಸು ಅಷ್ಟೆ" ಎಂದು ಕಳಿಸಿದರು. ಆಗುತ್ತಿರುವುದು ನನಗೊಬ್ಬಳಿಗೇ ಗೊತ್ತು. ಯಾರಿಗೆ, ಏನೆಂದು ತೋರಿಸಲಿ?

ಈಗ ಮಲಗುವ ಮುಂಚೆ ಹಣೆ ಒರೆಸಿಕೊಂಡು ಕೂತಿದ್ದೇನೆ. ಬೋಳು ಹಣೆಯಲ್ಲಿ ಯಾವತ್ತೂ ಮಲಗಿದವಳಲ್ಲ. ಇನ್ನು ಮೇಲೆ ದಿನಾ ರಾತ್ರಿ ಒರೆಸಿಯೇ ಮಲಗಬೇಕು. ಬೆಳಿಗ್ಗೆ ಕನ್ನಡಿಯಲ್ಲಿ ವಿಭೂತಿ ಕಾಣದಿದ್ದರೆ ಪೂಜೆ ಆಗಿಲ್ಲ. ಕಂಡರೆ ಆಗಿದೆ. ಇಲ್ಲವೇ, ರಾತ್ರಿ ಒರೆಸುವುದನ್ನೇ ಮರೆತಿರುತ್ತೇನೆ. ಹಾಗಾದರೆ ಕಂಡಾಗಲೂ ನಂಬುವಂತಿಲ್ಲ.